ಮರಿ ಕಾಣೆಯಾದ ಪ್ರಕರಣ

ಇಷ್ಟು ಅಳುವ ಮನುಷ್ಯ ಸುಳ್ಳು ಹೇಳುತ್ತಿರಬಹುದೇ? ಹೇಳುತ್ತಿರಬಹುದು, ಕೊಂದವರು ಕೂಡ ಹೀಗೆ ಅತ್ತದ್ದುಂಟು. ಆದರೆ ಕೊಂದವರು ಅಳುವಾಗ ನಡುನಡುವೆ ಎದುರಿಗಿರುವವರ ಮುಖ ನೋಡುತ್ತಾರೆ. ಈತ ನೋಡುತ್ತಿರಲಿಲ್ಲ. ಹಾಗಾದರೆ ನಿಜವೇ? ಕಾಣೆಯಾದದ್ದು ಮಗನಲ್ಲ, ತಮ್ಮನಲ್ಲ, ಹೋಟೆಲಿಗೆ ಕೆಲಸ ಕಲಿಯಲು ಬಂದಿದ್ದ ವಿದೇಶಿ ಇಂಟರ್ನ್. ಇಂಟರ್ನ್ ಒಬ್ಬ ಹೋದದ್ದಕ್ಕೆ ಇಷ್ಟು ಕಣ್ಣೀರು ಲೋಕದಲ್ಲಿ ಎಲ್ಲಾದರೂ ಉಂಟೇ?

ಇನ್‌ಸ್ಪೆಕ್ಟರ್ ಸುಮ್ಮನೆ ಕೂತರು. ಪ್ರಶ್ನೆ ಕೇಳಿ ಸುಮ್ಮನಿರುವುದು, ಉತ್ತರ ಬಂದ ಮೇಲೂ ಸುಮ್ಮನಿರುವುದು ಅವರ ಪದ್ಧತಿ. ಮೌನ ಉದ್ದವಾದಷ್ಟೂ ಜನ ಅದನ್ನು ತುಂಬಲು ಏನಾದರೊಂದು ಹೇಳುತ್ತಾರೆ ಎಂಬುದು ಅವರ ಅನುಭವ. ಠಾಣೆಯಲ್ಲಿ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಗೋಡೆ ಸಾಹೇಬ್ರು' ಅನ್ನುತ್ತಿದ್ದರು. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಗೋಡೆಯ ಮುಂದೆ ಹೋಟೆಲ್ ಮಾಲೀಕ ಕೂತಿದ್ದ. ಕರವಸ್ತ್ರ ಪೂರ್ತಿ ಒದ್ದೆಯಾಗಿ, ಈಗ ಅಂಗಿಯ ತೋಳಿಗೆ ಬಂದಿದ್ದ.

"ವಯಸ್ಸು?" ಕೊನೆಗೆ ಕೇಳಿದರು.

"ಐವತ್ತೈದು ಇರಬಹುದು ಸಾರ್."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿದ. "ನಿಮ್ಮದಲ್ಲ ಸ್ವಾಮಿ. ಕಾಣೆಯಾದ ಹುಡುಗನದು ಕೇಳ್ತಿದಾರೆ."

"ಅವನದೇ ಹೇಳಿದ್ದು. ನನಗೆ ನಲವತ್ತೆಂಟು."

"ಇಂಟರ್ನ್‌ಗೆ ಐವತ್ತೈದಾ?"

ಮಾಲೀಕನ ಹಿಂದೆ ನಿಂತಿದ್ದ ತೆಳ್ಳಗಿನ ಯುವಕ ಮುಂದೆ ಬಂದ. ಮಾಲೀಕನ ಹೆಂಡತಿಯ ತಮ್ಮ. ಹೋಟೆಲಿನ ಮ್ಯಾನೇಜರ್ ಕೂಡ ಅವನೇ. "ಅವರ ದೇಶದಲ್ಲಿ ಓದೋಕೆ ವಯಸ್ಸಿನ ಹಂಗಿಲ್ಲ ಸಾರ್. ತಾತಂದಿರೂ ಕಾಲೇಜಿಗೆ ಹೋಗ್ತಾರೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಇವನನ್ನ ನೋಡಿದ ಮೇಲೆ ನನಗೇ ಗೊತ್ತಾಯ್ತು."

ಇನ್‌ಸ್ಪೆಕ್ಟರ್ ಮತ್ತೆ ಸುಮ್ಮನಾದರು. ಬಾಮೈದ ತಾನಾಗಿಯೇ ಎಲ್ಲ ಹೇಳಿದ. ಅವರದು ಹದಿನಾಲ್ಕು ಕೋಣೆಯ ಸಣ್ಣ ಹೋಟೆಲು. ರಸ್ತೆಯ ಆಚೆ ಬದಿಗೆ ಐದು ಮಹಡಿಯ ದೊಡ್ಡ ಹೋಟೆಲು. ದೊಡ್ಡ ಹೋಟೆಲಿನವರು ವಿದೇಶದ ಕಾಲೇಜಿನಿಂದ ಇಂಟರ್ನ್ ತರಿಸಿ ಬಾಗಿಲಲ್ಲಿ ನಿಲ್ಲಿಸಿದ ದಿನದಿಂದ ಇವರ ಕಡೆ ಬರುವ ಗಿರಾಕಿ ಕಡಿಮೆಯಾಯಿತು. ಆಗ ಬಾಮೈದ ಭಾವನ ತಲೆಗೆ ತುಂಬಿದ: ನಾವೂ ಒಬ್ಬನನ್ನು ತರಿಸೋಣ, ಸಂಬಳ ಬೇಡ, ಊಟ ವಸತಿ ಕೊಟ್ಟರೆ ಸಾಕು. ಆರು ವಾರದ ಹಿಂದೆ ಇಂಟರ್ನ್ ಬಂದ. ಬಂದ ಮರುದಿನವೇ ಹೋಟೆಲಿನ ಮುಂದೆ 'ಅಂತಾರಾಷ್ಟ್ರೀಯ ಸಿಬ್ಬಂದಿ' ಎಂಬ ಬೋರ್ಡೂ ಬಂತು. ಈಗ ಬೋರ್ಡು ಇದೆ, ಸಿಬ್ಬಂದಿ ಇಲ್ಲ.

"ಪಾಸ್‌ಪೋರ್ಟ್?"

ಬಾಮೈದ ಒಂದು ಹಾಳೆ ಮುಂದಿಟ್ಟ. ಕಾಲೇಜಿನವರು ಕಳಿಸಿದ್ದ ನಕಲಿನ ನಕಲು. ಮುಖ ಇರಬೇಕಾದ ಕಡೆ ಮಸಿ. ಹುಟ್ಟಿದ ದಿನಾಂಕದ ಮೇಲೆ ಹೋಟೆಲಿನ ಸೀಲು ಸರಿಯಾಗಿ ಕೂತಿತ್ತು.

"ಸೀಲು ಎಲ್ಲಾದರೂ ಒತ್ತಬೇಕಲ್ಲ ಸಾರ್," ಅಂದ.

ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಶಾಯಿ ಒಣಗುವ ಮೊದಲೇ ವಿದೇಶಿಯರ ವಿಭಾಗದಿಂದ ಫೋನು ಬಂತು. ಇನ್‌ಸ್ಪೆಕ್ಟರ್ ಕೇಳಿಸಿಕೊಂಡು, ಇಟ್ಟು, ಮಾಲೀಕನಿಗೆ ಹೇಳಿದರು: "ಶುಕ್ರವಾರದೊಳಗೆ ಸಿಗದಿದ್ರೆ ಹೋಟೆಲಿಗೆ ಬೀಗ ಹಾಕಿ ಅಂತಿದಾರೆ. ಲೈಸೆನ್ಸೂ ರದ್ದಾಗುತ್ತೆ."

ಮಾಲೀಕ ತಲೆಯಾಡಿಸಿದ. ಆಮೇಲೆ, "ಮಳೆ ಚಳಿಗೆ ಹಾಕ್ಕೊಳ್ಳೋಕೆ ಅವನ ಹತ್ರ ಒಂದೇ ಕೋಟು ಇರೋದು ಸಾರ್," ಅಂದ.

ಮಹಜರಿಗೆ ಹೋದದ್ದು ಹತ್ತೂವರೆಗೆ. ಇಂಟರ್ನ್ ಮಲಗುತ್ತಿದ್ದದ್ದು ಮೆಟ್ಟಿಲ ಕೆಳಗಿನ ಮೂರು ಮೂಲೆಯ ಕೋಣೆಯಲ್ಲಿ. ನಿಂತರೆ ತಲೆ ಏಳನೇ ಮೆಟ್ಟಿಲಿಗೆ ಬಡಿಯುತ್ತದೆ. ಹೆಡ್ ಕಾನ್‌ಸ್ಟೇಬಲ್ ಬಡಿಸಿಕೊಂಡು ಖಚಿತಪಡಿಸಿದ. ಒಳಗೆ ಮಂಚ, ಗೂಟ, ಕನ್ನಡಿ. ಹೊದಿಕೆಯ ಮೂಲೆಗಳನ್ನು ಲಕೋಟೆಯಂತೆ ಮಡಿಸಿ ಹಾಸಿಗೆಯ ಅಡಿಗೆ ಸಿಕ್ಕಿಸಿತ್ತು. ಅದರ ಮೇಲೆ ಇಸ್ತ್ರಿ ಮಾಡಿದ ಸಮವಸ್ತ್ರ, ಸಮವಸ್ತ್ರದ ಮೇಲೆ ಹೆಸರಿನ ಬಿಲ್ಲೆ.

"ಹೊಡೆದಾಟದ ಗುರುತಿಲ್ಲ," ಎಂದು ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಗೆ ಬರೆಸಿದ. "ಓಡಿ ಹೋಗೋನು ಇಸ್ತ್ರಿ ಮಾಡಿಟ್ಟು ಹೋಗ್ತಾನಾ ಸಾರ್? ನಮ್ಮನೇಲಿ ಇರೋರೇ ಮಾಡಲ್ಲ."

ಇನ್‌ಸ್ಪೆಕ್ಟರ್ ಹಾಸಿಗೆಯ ಮೂಲೆಯನ್ನೇ ನೋಡುತ್ತಿದ್ದರು. ಇದು ಕೋಪ ಮಾಡಿಕೊಂಡು ಹೋದವನ ಹಾಸಿಗೆಯಲ್ಲ. ಹೆದರಿ ಓಡಿದವನದೂ ಅಲ್ಲ. ಹಾಗಾದರೆ ಏನು ಎಂದು ಅವರಿಗೆ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ವಿಚಾರಣೆ ಶುರುವಾಯಿತು. ಅಡುಗೆ ನೋಡಿಕೊಳ್ಳುವ ಹೆಂಗಸನ್ನು ಹೋಟೆಲಿನವರೆಲ್ಲ ಅಕ್ಕ ಅನ್ನುತ್ತಿದ್ದರು. ಮಾಲೀಕನೂ ಅಕ್ಕ ಅನ್ನುತ್ತಿದ್ದ. ನಲವತ್ತರ ಆಸುಪಾಸು, ಈರುಳ್ಳಿ ಹೆಚ್ಚುತ್ತಿದ್ದಳು, ಪೊಲೀಸರು ಬಂದದ್ದಕ್ಕೆ ಚಾಕು ನಿಲ್ಲಿಸಲಿಲ್ಲ.

"ಕೊನೆಗೆ ಯಾವಾಗ ನೋಡಿದ್ದು?"

"ನಿನ್ನೆ ತಿಂಡಿ ಹೊತ್ತು ಮುಗೀತಿದ್ದಾಗ. ಪಾತ್ರೆ ಎಲ್ಲ ಒರೆಸಿಟ್ಟು, 'ಬರ್ತೀನಿ ಅಕ್ಕ' ಅಂದ ಮರಿ. ನಾನು ಸೊಪ್ಪು ತರೋಕೆ ಹೊರಟ ಅಂದ್ಕೊಂಡೆ."

"ಮರಿ ಯಾರು?"

"ಅವನೇ."

"ನಿಮಗಿಂತ ಹದಿನೈದು ವರ್ಷ ದೊಡ್ಡವನು."

"ಆದ್ರೇನು? ನಮ್ಮಲ್ಲಿ ಕೊನೇಲಿ ಸೇರಿದವರು ಮರಿ. ಇನ್ನೊಬ್ಬರು ಬರೋ ತನಕ ಅವರೇ ಮರಿ. ಇವರೂ ಮರಿನೇ ಆಗಿದ್ರು," ಎಂದು ಬಾಮೈದನ ಕಡೆ ಚಾಕು ತೋರಿಸಿದಳು. "ನಾಲ್ಕು ವರ್ಷ. ಬಡ್ತಿ ಸಿಕ್ಕಿದ್ದೇ ಅವನು ಬಂದ ಮೇಲೆ."

"ಏನಾದರೂ ಜಗಳ?"

"ಅವನ ಹತ್ರ ಜಗಳ ಆಡೋಕೆ ಆಗುತ್ತಾ? ಬೈದರೂ ನಗ್ತಾನೆ, ಹೊಗಳಿದರೂ ನಗ್ತಾನೆ. ಬಂದ ಹೊಸದರಲ್ಲಿ ಬಾಯೇ ಇಲ್ಲ. ಆಮೇಲೆ ನಾನೇ ಮಾತು ಕಲಿಸಿದೆ. ಈಗ ಚೆನ್ನಾಗಿ ಆಡ್ತಾನೆ."

"ನಿನ್ನೆ ಏನಾದರೂ ವಿಶೇಷ ನಡೆಯಬೇಕಿತ್ತಾ?"

ಚಾಕು ನಿಂತಿತು. ಅವಳು ಬಾಮೈದನನ್ನು ನೋಡಿದಳು. ಬಾಮೈದ ಗಂಟಲು ಸರಿಮಾಡಿಕೊಂಡ. ಹನ್ನೊಂದು ಗಂಟೆಗೆ ಕಾಲೇಜಿನ ಮೇಷ್ಟ್ರ ಜೊತೆ ವಿಡಿಯೋ ಕರೆ ಇತ್ತಂತೆ. ಇವನೇ ಏರ್ಪಡಿಸಿದ್ದು. ಇಂಟರ್ನ್ ಕೆಲಸ ಮಾಡುವುದನ್ನು ತೋರಿಸಿ, ಮುಂದಿನ ವರ್ಷಕ್ಕೆ ಇನ್ನಿಬ್ಬರನ್ನು ಕೇಳುವ ಆಸೆ. ಎಲ್ಲರೂ ಒಗೆದ ಬಟ್ಟೆ ಹಾಕಿಕೊಂಡು ಕಾದಿದ್ದರು. ಕರೆ ಬಂತು, ಇಂಟರ್ನ್ ಬರಲಿಲ್ಲ.

"ಮೇಷ್ಟ್ರಿಗೆ ಏನು ಹೇಳಿದ್ರಿ?"

"ಪೇಟೆಗೆ ಹೋಗಿದಾನೆ ಅಂದೆ. ಅವರು ಏನೇನೋ ಹೇಳಿದ್ರು. ಓಕೆ ಓಕೆ ಅಂದೆ."

ಮಾಲೀಕನಿಗೆ ಒಂದೇ ಅನುಮಾನ. ಅವನು ಇನ್‌ಸ್ಪೆಕ್ಟರನ್ನು ಕಿಟಕಿಯ ಬಳಿಗೆ ಕರೆದು, ಎದುರಿನ ಐದು ಮಹಡಿಯ ಕಟ್ಟಡದತ್ತ ಗದ್ದ ಎತ್ತಿದ. "ಅವರದೇ ಕೆಲಸ ಸಾರ್. ಅವರ ಇಂಟರ್ನ್ ಹುಡುಗಿ ಬಿಟ್ಟು ಹೋದ್ಲು. ನಮ್ಮವನನ್ನ ಎತ್ತಾಕ್ಕೊಂಡು ಹೋಗಿದಾರೆ."

ಅನುಮಾನ ಎಷ್ಟೇ ಪೆದ್ದಾಗಿದ್ದರೂ ಪರಿಶೀಲಿಸುವುದು ನಿಯಮ. ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ರಸ್ತೆ ದಾಟಿದರು. ದೊಡ್ಡ ಹೋಟೆಲಿನ ಮ್ಯಾನೇಜರನ ಕಚೇರಿ ಐದನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ಹಳದಿ ಪಟ್ಟಿ ಕಟ್ಟಿತ್ತು.

"ಮೆಟ್ಟಿಲು ಹತ್ತಬೇಕು ಸಾರ್," ಎಂದು ದ್ವಾರಪಾಲಕ ಹಲ್ಲು ಬಿಟ್ಟ. "ಆರು ವಾರ ಆಯ್ತು. ಪರೀಕ್ಷೆ ಮಾಡೋ ಸಾಹೇಬ ನಿನ್ನೆ ಬಂದ. ಮೇಲೆ ಹತ್ತಿದಾನೆ."

ಮೂರನೇ ಮಹಡಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಗೋಡೆ ಹಿಡಿದು ನಿಂತ. ಲಿಫ್ಟು ಓಡಾಡುವ ಪೊಳ್ಳಿನೊಳಗೆ ಎಲ್ಲೋ ಮೇಲುಗಡೆ ಟಕ್ ಟಕ್ ಸದ್ದು. "ಆ ಪುಣ್ಯಾತ್ಮ ಒಂದಿನ ಮೊದಲು ಬಂದಿದ್ರೆ ನನ್ನ ಮಂಡಿ ಉಳೀತಿತ್ತು," ಅಂದ.

ಮ್ಯಾನೇಜರ್ ನುಣ್ಣಗಿನ ಮನುಷ್ಯ, ಮೇಜೂ ನುಣ್ಣಗೆ. "ಅಪಹರಣಾನಾ? ಇಂಟರ್ನ್ ಇಟ್ಕೊಂಡು ನಾವು ಪಟ್ಟ ಪಾಡು ನಮಗೇ ಸಾಕಾಗಿದೆ. ಆ ಹುಡುಗಿ ಮೂರನೇ ವಾರಕ್ಕೇ ಸಮುದ್ರ ನೋಡ್ಬೇಕು ಅಂತ ಹೋದೋಳು, ಈಗಲೂ ನೋಡ್ತಾನೇ ಇದಾಳೆ."

ಇನ್‌ಸ್ಪೆಕ್ಟರ್ ಫೋಟೋ ತೋರಿಸಿದರು. ಬಾಮೈದ ಜಾಹೀರಾತಿಗೆಂದು ತೆಗೆದದ್ದು: ಏಪ್ರನ್, ಟೋಪಿ, ಕೈಯಲ್ಲಿ ಸೌಟು, ಕೆನ್ನೆಗೆ ಹಿಟ್ಟು.

ಮ್ಯಾನೇಜರ್ ಅರ್ಧ ಕಣ್ಣಲ್ಲಿ ನೋಡಿ ಹಿಂದಕ್ಕೆ ಕೊಟ್ಟ. "ಏಪ್ರನ್ ಹಾಕಿದವರ ಮುಖ ನಾನು ನೋಡಲ್ಲ."

ಸಂಜೆ ಠಾಣೆಯಿಂದಲೇ ವಿದೇಶದ ಕಾಲೇಜಿಗೆ ವಿಡಿಯೋ ಕರೆ ಮಾಡಿಸಿದರು. ಮಾಲೀಕ, ಬಾಮೈದ ಇಬ್ಬರೂ ಹಾಜರಿದ್ದರು. ಪರದೆಯಲ್ಲಿ ಬಂದ ಮೇಷ್ಟ್ರು ಫೋಟೋ ನೋಡಿದರು. ಕನ್ನಡಕ ತೆಗೆದು ನೋಡಿದರು. ಒರೆಸಿ ಹಾಕಿಕೊಂಡು ನೋಡಿದರು.

ಇವನು ಯಾರೆಂದು ತನಗೆ ಗೊತ್ತಿಲ್ಲ ಎಂದರು. ತಮ್ಮ ವಿದ್ಯಾರ್ಥಿಗೆ ಇಪ್ಪತ್ತು ವರ್ಷ. ಹೊರಡುವ ಹಿಂದಿನ ದಿನ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ. ಅವನು ಬರುವುದಿಲ್ಲವೆಂದು ಹೋಟೆಲಿಗೆ ಅಂದೇ ಫೋನು ಮಾಡಿ ತಿಳಿಸಲಾಗಿದೆ. ಆಮೇಲೆ ಎರಡು ಸಲ ತಿಳಿಸಲಾಗಿದೆ. ನಿನ್ನೆ ಮತ್ತೆ ತಿಳಿಸಲಾಗಿದೆ. ಪ್ರತಿ ಸಲವೂ ಹೋಟೆಲಿನ ಸಜ್ಜನರೊಬ್ಬರು ಓಕೆ ಅಂದಿದ್ದಾರೆ.

ಎಲ್ಲರೂ ಬಾಮೈದನ ಕಡೆ ತಿರುಗಿದರು.

"ಅವರು ಮಾತಾಡೋ ಸ್ಪೀಡಿಗೆ ನಡುವೆ ಓಕೆ ಒಂದೇ ತೂರಿಸೋಕೆ ಆಗೋದು ಸಾರ್," ಅಂದ ಬಾಮೈದ ಸಣ್ಣ ದನಿಯಲ್ಲಿ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಕಂಡಿದ್ದೆ," ಅಂದ ಹೆಡ್ ಕಾನ್‌ಸ್ಟೇಬಲ್. "ನೀವು ಕಟ್ಟಿ, ಮೇವು ಹಾಕಿ, ಬೋರ್ಡೂ ಬರೆಸಿದೀರಿ."

ಮಾಲೀಕ ಮಾತ್ರ ಕಪ್ಪಾದ ಪರದೆಯನ್ನೇ ನೋಡುತ್ತಿದ್ದ. "ಹಾಗಾದ್ರೆ ನಮ್ಮ ಮರಿ ಯಾರು?" ಅಂದ.

ಅದು ಇನ್‌ಸ್ಪೆಕ್ಟರರ ಪ್ರಶ್ನೆಯೂ ಆಗಿತ್ತು. ಬೇರೊಬ್ಬನಂತೆ ನಟಿಸಿ ನುಸುಳುವವನು ಏನಾದರೂ ಕದಿಯಬೇಕು. ಇಲ್ಲಿ ಒಂದು ಚಮಚವೂ ಹೋಗಿರಲಿಲ್ಲ. ಆರು ವಾರ ಪಾತ್ರೆ ತೊಳೆದು, ಹಾಸಿಗೆ ಹಾಸಿ, ಸಂಬಳವಿಲ್ಲದೆ ಹೋದ ವಂಚಕನನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಯಾರೂ ನಟಿಸಲು ಬಯಸದ ಪಾತ್ರ ಅದು.

ಬುಧವಾರ ಬೆಳಿಗ್ಗೆ ಮತ್ತೆ ಸಣ್ಣ ಹೋಟೆಲಿಗೆ ಹೋದರು. ಈ ಸಲ ಸ್ವಾಗತದ ಮೇಜಿನ ಹಿಂದೆ ಕೂರುವ ಹಿರಿಯನ ಸರದಿ. ಎಲ್ಲರಿಗೂ ಅವನು ಮಾಮ.

"ಅವನು ಬಂದ ದಿನದ್ದು ಹೇಳಿ. ಬಂದು ಏನು ಅಂದ?"

"ಅನ್ನೋಕೆ ನಾವು ಬಿಟ್ರೆ ತಾನೆ! ಇಂಟರ್ನ್ ಬರ್ತಾನೆ ಅಂತ ನಾವೆಲ್ಲ ಬೆಳಿಗ್ಗೆಯಿಂದ ಬಾಗಿಲಲ್ಲೇ. ಟ್ಯಾಕ್ಸಿ ಬಂತು, ಪೆಟ್ಟಿಗೆ ಹಿಡ್ಕೊಂಡು ಇವನಿಳಿದ. ಯಜಮಾನ್ರು ಓಡಿಹೋಗಿ ತಬ್ಕೊಂಡ್ರು. ಮ್ಯಾನೇಜರ್ ಸಾಹೇಬ್ರು ಫೋಟೋ ಹೊಡೆದ್ರು. ಅಕ್ಕ ತಟ್ಟೆ ಹಾಕಿ ಕೂರಿಸಿದ್ಲು. ಎದ್ದ ಮೇಲೆ ಏಪ್ರನ್ ಕಟ್ಟಿದ್ಲು."

"ಪಾಸ್‌ಪೋರ್ಟ್ ಕೇಳಲಿಲ್ಲವಾ?"

"ಮನೆಯವನ ಹತ್ರ ಯಾರು ಕೇಳ್ತಾರೆ ಸಾರ್? ಅದು ಗಿರಾಕಿಗಳಿಗೆ."

"ಆ ದಿನ ಬೇರೆ ಯಾರು ಬಂದ್ರು?"

ಮಾಮ ನೆನಪು ಮಾಡಿಕೊಂಡು ಮುಖ ಗಂಟಿಕ್ಕಿದ. "ಬಂದೋರು ಯಾರೂ ಇಲ್ಲ. ಬರಬೇಕಾದೋನು ಬರಲಿಲ್ಲ. ಹನ್ನೆರಡನೇ ನಂಬರಿಗೆ ಯಾವುದೋ ಕಂಪನಿಯವರು ಎರಡು ರಾತ್ರಿಗೆ ಮುಂಗಡ ಕೊಟ್ಟಿದ್ರು. ಅವನೂ ಹೊರದೇಶದೋನೇ. ಹೊಸ ಹೊದಿಕೆ, ಹೊಸ ಟವೆಲ್ ಎಲ್ಲ ದಂಡ. ಪಾಪ, ಮರಿಯ ಮೊದಲ ಕೆಲಸವೇ ಆ ಕೋಣೆ. ಅಷ್ಟು ಚೆನ್ನಾಗಿ ಹಾಸಿ ಒಪ್ಪ ಮಾಡಿದ, ಗಿರಾಕಿ ಬರಲೇ ಇಲ್ಲ."

ಇನ್‌ಸ್ಪೆಕ್ಟರ್ ಏನೂ ಅನ್ನಲಿಲ್ಲ. ಮೌನ ಬೆಳೆಯಿತು. ಮಾಮ ಅದನ್ನು ತುಂಬಿಸಿದ.

"ನಾನು ಸುಮ್ಮನೆ ಬಿಡಲಿಲ್ಲ ಸಾರ್. ಆ ಗಿರಾಕಿಗೆ ಫೋನ್ ಮಾಡಿದೆ, ಎಲ್ಲಿದೀರಿ ಅಂತ ಕೇಳೋಣ ಅಂತ. ಆದ್ರೆ ಅದೇ ಹೊತ್ತಿಗೆ ಸರಿಯಾಗಿ ಮರಿಯ ಫೋನೂ ಬಡ್ಕೊಳ್ಳೋಕೆ ಶುರುವಾಯ್ತು. ಆ ಗಲಾಟೇಲಿ ಏನೂ ಕೇಳಿಸ್ಲಿಲ್ಲ. 'ಮರಿ, ನಿನ್ನ ಫೋನು ಆರಿಸು, ನಾನು ಗಿರಾಕಿ ಹತ್ರ ಮಾತಾಡ್ಬೇಕು' ಅಂದೆ. ಪಾಪ, ತಕ್ಷಣ ಆರಿಸ್ದ. ಇತ್ತ ಗಿರಾಕಿಯ ಲೈನೂ ಕಟ್ಟಾಯ್ತು."

ಬರೆಯುತ್ತಿದ್ದ ಪೆನ್ನು ನಿಂತಿತು.

"ಮತ್ತೆ ಮಾಡಿದ್ರಾ?" ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ.

"ಎರಡು ಸಲ. ಎರಡು ಸಲವೂ ಹಾಗೇ ಆಯ್ತು. ಮರಿಗೆ ನಾನು ಬೈದೆ ಕೂಡ. ಯಾಕೆ ಸಾರ್ ಹಾಗೆ ನೋಡ್ತೀರಾ?"

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಅಂದ ಹೆಡ್ ಕಾನ್‌ಸ್ಟೇಬಲ್. "ನೀವು ಕೂಸಿನ ಹತ್ರಾನೇ ದಾರಿ ಕೇಳಿದೀರಲ್ಲ ಮಾಮ."

ಮಾಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತುಬಿಟ್ಟ. ಹನ್ನೆರಡನೇ ನಂಬರಿಗೆ ಬರಬೇಕಿದ್ದವನು ಅದೇ ಕೋಣೆಯನ್ನು ತನ್ನ ಕೈಯಾರೆ ಹಾಸಿ, ಕೀಲಿ ಹಾಕಿ, ಕೀಲಿಕೈಯನ್ನು ಮಾಮನಿಗೆ ಒಪ್ಪಿಸಿ, ಮೆಟ್ಟಿಲ ಕೆಳಗೆ ಹೋಗಿ ಮಲಗಿದ್ದ.

ಗಿರಾಕಿಯ ಫೋನು ಈಗ ಆರಿತ್ತು. ಕೋಣೆ ಕಾಯ್ದಿರಿಸಿದ್ದ ಕಂಪನಿಗೆ ಇನ್‌ಸ್ಪೆಕ್ಟರ್ ಕರೆ ಮಾಡಿದರು. ಅತ್ತಲಿಂದ ಹೆಣ್ಣು ದನಿ ಸಂತೋಷದಿಂದಲೇ ಉತ್ತರಿಸಿತು. ಹೌದು, ಅವರು ನಮ್ಮ ಲಿಫ್ಟ್ ಪರೀಕ್ಷಕರು. ಮೂವತ್ತು ವರ್ಷದಿಂದ ದೇಶ ದೇಶ ಸುತ್ತಿ ಲಿಫ್ಟು ಪರೀಕ್ಷಿಸುತ್ತಾರೆ. ಒಂದು ದಿನವೂ ರಜೆ ಕೇಳಿದವರಲ್ಲ. ಆರು ವಾರದ ಹಿಂದೆ ಮೊದಲ ಸಲ ಕೇಳಿದರು, ನಮಗೆಲ್ಲ ಖುಷಿಯಾಯಿತು. ಎಲ್ಲೋ ಬೆಟ್ಟದ ಕಡೆ ಆರಾಮವಾಗಿದ್ದಾರೆ ಅಂದುಕೊಂಡಿದ್ದೆವು. ಸೋಮವಾರ ಕೆಲಸಕ್ಕೆ ಮರಳಿದ್ದಾರೆ. ಯಾವ ಕೆಲಸಕ್ಕೆಂದರೆ, ನಿಮ್ಮ ಊರಿನಲ್ಲೇ ಬಾಕಿ ಇದ್ದದ್ದು, ಐದು ಮಹಡಿಯ ಹೋಟೆಲೊಂದರ ಲಿಫ್ಟು.

ಹೆಡ್ ಕಾನ್‌ಸ್ಟೇಬಲ್ ನಿಧಾನವಾಗಿ ಟೋಪಿ ತೆಗೆದು, ಕಿಟಕಿಯಾಚೆ ನೋಡಿದ. "ಟಕ್ ಟಕ್," ಅಂದ. "ನಮ್ಮ ತಲೆ ಮೇಲೇ ಇದ್ದ ಸಾರ್. ತಪ್ಪಿಸಿಕೊಂಡು ಹೋದೋನು ರಸ್ತೆ ದಾಟಿ ನಿಂತುಬಿಟ್ಟಿದಾನೆ."

ಈಗ ಲಿಫ್ಟು ಓಡುತ್ತಿತ್ತು. ಹಳದಿ ಪಟ್ಟಿ ಇರಲಿಲ್ಲ. ಪರೀಕ್ಷಕರು ಐದನೇ ಮಹಡಿಯ ಕೊನೆಯ ಕೋಣೆಯಲ್ಲಿದ್ದಾರೆ ಎಂದು ದ್ವಾರಪಾಲಕ ಹೇಳಿದ. ವಿಚಿತ್ರ ಗಿರಾಕಿ ಎಂದೂ ಹೇಳಿದ: ಹಾಸಿಗೆ ಹಾಸಲು ಯಾರನ್ನೂ ಒಳಗೆ ಬಿಡುವುದಿಲ್ಲ, ತಾನೇ ಹಾಸಿಕೊಳ್ಳುತ್ತಾನೆ, ಬಳಸಿದ ಟವೆಲನ್ನು ಮಡಿಸಿ ತಾನೇ ಕೆಳಗೆ ತಂದುಕೊಡುತ್ತಾನೆ.

ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿದರು. ಬೂದು ಕೂದಲಿನ, ಅಗಲ ಹೆಗಲಿನ ಮನುಷ್ಯ ತೆರೆದ. ಸಮವಸ್ತ್ರಗಳನ್ನು ನೋಡಿದ. ಗಾಬರಿಯಾಗಲಿಲ್ಲ, ಕಾಯುತ್ತಿದ್ದ ಬಸ್ಸು ಬಂದಂತೆ ತಲೆಯಾಡಿಸಿದ. ಆಮೇಲೆ ತನಗೆ ಗೊತ್ತಿದ್ದ ಮರ್ಯಾದೆಯ ಮಾತನ್ನು ಆಡಿದ.

"ಬಾ ಮರಿ. ಕೂತ್ಕೋ. ತಿಂದ್ಯಾ?"

ಹೆಡ್ ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಕುಲುಕುತ್ತಿತ್ತು. ಮಾತು ಕಲಿಸಿದವಳು ಅಕ್ಕ. ಅವಳು ಯಾರನ್ನು ಹೇಗೆ ಬರಮಾಡಿಕೊಳ್ಳುತ್ತಿದ್ದಳೋ ಇವನೂ ಹಾಗೇ ಕಲಿತಿದ್ದ.

ಇನ್‌ಸ್ಪೆಕ್ಟರ್ ಕೂತರು. ಕಿಟಕಿಯ ಪರದೆ ಸರಿದಿತ್ತು. ಅಲ್ಲಿಂದ ನೇರ ಕೆಳಗೆ, ರಸ್ತೆಯಾಚೆ, ಸಣ್ಣ ಹೋಟೆಲಿನ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಕುರ್ಚಿಯನ್ನು ಆ ಕಡೆಗೇ ತಿರುಗಿಸಿ ಇಟ್ಟಿತ್ತು.

"ನೀನು ಇಂಟರ್ನ್ ಅಲ್ಲ."

"ಅಲ್ಲ."

"ಮೊದಲ ದಿನವೇ ಯಾಕೆ ಹೇಳಲಿಲ್ಲ?"

ಅವನು ಅರ್ಧ ಕಲಿತ ಮಾತಿನಲ್ಲಿ, ಅರ್ಧ ಹರಕು ಇಂಗ್ಲಿಷಿನಲ್ಲಿ ಹೇಳಿದ. "ತಬ್ಕೊಂಡ್ರು. ಬಿಟ್ಟ ಮೇಲೆ ಹೇಳೋಣ ಅಂದ್ಕೊಂಡೆ. ಅಕ್ಕ ತಟ್ಟೆ ಹಾಕಿದ್ಲು. ತಿಂದ ಮೇಲೆ ಹೇಳೋಣ ಅಂದ್ಕೊಂಡೆ. ತಿಂದ ಮೇಲೆ ಏಪ್ರನ್ ಕಟ್ಟಿದ್ಲು."

"ಆಮೇಲೆ?"

"ಆಮೇಲೆ ಪಾತ್ರೆ ಇತ್ತು."

ಇನ್‌ಸ್ಪೆಕ್ಟರ್ ಸುಮ್ಮನಿದ್ದರು. ಅವನೂ ಸುಮ್ಮನಿದ್ದ. ಇಬ್ಬರೂ ಅದರಲ್ಲಿ ಸಮಾನರು. ಈ ಕೋಣೆಯಲ್ಲಿ ಮೌನ ಯಾರ ಬಾಯನ್ನೂ ಬಿಡಿಸಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರರೇ ಸೋತರು.

"ಸಂಬಳ ತಗೊಂಡ್ಯಾ?"

"ಇಂಟರ್ನ್‌ಗೆ ಸಂಬಳ ಇಲ್ಲ," ಎಂದು ಅವನು ನಿಯಮ ತಿಳಿಸಿದ.

"ಓಡಿದ್ದು ಯಾಕೆ?"

"ಮೇಷ್ಟ್ರು ನೋಡ್ತಾರೆ. ಇವನಲ್ಲ ಅಂತಾರೆ. ಆಗ ಅವರೆಲ್ಲ ನನ್ನ ಮುಖ ನೋಡ್ತಾರೆ." ಅವನು ಕಿಟಕಿಯ ಕಡೆ ಕೈ ತೋರಿಸಿದ. "ಅದನ್ನ ನೋಡೋಕೆ ನನಗೆ ಇಷ್ಟ ಇರಲಿಲ್ಲ."

ಠಾಣೆಯಲ್ಲಿ ಕಾನೂನಿನ ತೊಡಕು ಮೇಜಿನ ಮೇಲೆ ಬಂದು ಕೂತಿತು. ಕೆಲಸದ ಪರವಾನಗಿ ಇಲ್ಲದ ಕಡೆ ಕೆಲಸ ಮಾಡಿದ್ದು ಒಂದು ಅಪರಾಧ. ಅದಕ್ಕೆ ದಂಡ, ದೇಶ ಬಿಟ್ಟು ಹೋಗಬೇಕು, ಅಷ್ಟೇ. ಬೇರೊಬ್ಬನಂತೆ ನಟಿಸಿ ವಂಚಿಸಿದ್ದು ಇನ್ನೊಂದು, ಅದಕ್ಕೆ ಜೈಲು. ಎರಡನೆಯದಕ್ಕೆ ಮಾಲೀಕನ ದೂರು ಬೇಕಿತ್ತು. ಇನ್‌ಸ್ಪೆಕ್ಟರ್ ಎಲ್ಲರನ್ನೂ ಕರೆಸಿ ವಿವರಿಸಿದರು.

"ನಾನೇ ಇಂಟರ್ನ್ ಅಂತ ಹೇಳಿ ಇವನು ನಮ್ಮನ್ನ ನಂಬಿಸ್ದ ಅಂತ ಬರೆದುಕೊಟ್ರೆ ನೀವು ಮೋಸ ಹೋದವರು. ಹೋಟೆಲಿಗೆ ಏನೂ ಆಗಲ್ಲ. ಬರೆದುಕೊಡದಿದ್ರೆ, ವಿದೇಶಿಯನ ಪಾಸ್‌ಪೋರ್ಟ್ ನೋಡದೆ ಆರು ವಾರ ಇಟ್ಕೊಂಡ ತಪ್ಪು ನಿಮ್ಮದು. ಬೀಗ ಬೀಳುತ್ತೆ. ಒಂದು ತಿಂಗಳಾದರೂ ತೆಗೆಯಲ್ಲ."

"ಭಾವ, ಸಹಿ ಹಾಕಿ," ಅಂದ ಬಾಮೈದ. "ಒಂದು ತಿಂಗಳು ಮುಚ್ಚಿದ್ರೆ ನಮ್ಮ ಕಥೆ ಮುಗೀತು."

"ಹಾಕಿ," ಅಂದಳು ಅಕ್ಕ. "ಹಾಕಿ, ನಾಳೆಯಿಂದ ಅಡುಗೆನೂ ನೀವೇ ಮಾಡ್ಕೊಳ್ಳಿ. ಭಾವ ಒಲೆ ಹಚ್ಚಲಿ, ಬಾಮೈದ ಓಕೆ ಅನ್ನಲಿ."

ಮಾಲೀಕ ಬಿಳಿ ಹಾಳೆಯನ್ನು ನೋಡುತ್ತಿದ್ದ. ಬೆಂಚಿನ ಮೇಲೆ ಕೂತಿದ್ದ ಮನುಷ್ಯನನ್ನು ನೋಡಲಿಲ್ಲ.

"ಮಾಮ," ಅಂದ, "ಅವನು ಯಾವತ್ತಾದರೂ ನಾನು ಇಂಟರ್ನ್ ಅಂದಿದ್ನಾ?"

"ಇಲ್ಲಪ್ಪ."

"ಅಕ್ಕ?"

"ಇಲ್ಲ."

"ನೀನು?"

ಬಾಮೈದ ಎಂದಿನಂತೆ ಓಕೆ ಅನ್ನಲು ಬಾಯಿ ತೆರೆದು, ಮುಚ್ಚಿಕೊಂಡ. "ಇಲ್ಲ ಭಾವ."

"ಹೇಳಿದ್ದೆಲ್ಲ ನಾನೇ," ಅಂದ ಮಾಲೀಕ. "ನೀನೇ ನಮ್ಮ ಇಂಟರ್ನು, ಇದೇ ನಿನ್ನ ಮನೆ, ಇವರೆಲ್ಲ ನಿನ್ನವರು ಅಂತ. ಅವನು ನಕ್ಕಿದ್ದು ಬಿಟ್ರೆ ಬೇರೆ ಏನೂ ಮಾಡಿಲ್ಲ ಸಾರ್. ನಗೋದಕ್ಕೆ ಯಾವುದಾದರೂ ಕಲಮು ಇದೆಯಾ?"

"ಇಲ್ಲ."

"ಹಾಗಾದ್ರೆ ಬೀಗ ಹಾಕಿ."

ಹಾಳೆ ಖಾಲಿಯಾಗಿಯೇ ಉಳಿಯಿತು, ಕಡತಕ್ಕೆ 'ದೂರುದಾರರು ನಿರಾಕರಿಸಿದ್ದಾರೆ' ಎಂಬ ಟಿಪ್ಪಣಿ ಸೇರಿತು. ಬುಧವಾರ ಸಂಜೆ ಐದು ಗಂಟೆಗೆ ಬಂಧನವಾಯಿತು, ಪರವಾನಗಿಯಿಲ್ಲದೆ ಕೆಲಸ ಮಾಡಿದ ಒಂದೇ ಆರೋಪದ ಮೇಲೆ.

"ಪುಕ್ಕಟೆ ಪಾತ್ರೆ ತೊಳೆದಿದ್ದಕ್ಕೆ ಅರೆಸ್ಟು," ಎಂದು ಗೊಣಗುತ್ತ ಹೆಡ್ ಕಾನ್‌ಸ್ಟೇಬಲ್ ನಮೂನೆ ತುಂಬಿಸಿದ. "ನಮ್ಮನೆಯವಳಿಗೆ ಗೊತ್ತಾದ್ರೆ ಇದೇ ನೆಪ ಮಾಡಿ ನಾನಿನ್ನು ಸೋಫಾದಿಂದ ಏಳೋದೇ ಇಲ್ಲ ಅಂತ ತಲೆ ಚಚ್ಚಿಕೊಳ್ತಾಳೆ."

ಬಂಧಿತನ ಕಡೆಯವರೊಬ್ಬರಿಗೆ ಫೋನು ಮಾಡಿ ತಿಳಿಸಬೇಕೆಂಬುದು ನಿಯಮ. ಇನ್‌ಸ್ಪೆಕ್ಟರ್ ಅದನ್ನು ಕೇಳಿದರು: ಯಾರಿಗೆ ತಿಳಿಸಬೇಕು?

ಅವನು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಯೋಚಿಸಿದ. ಮೂವತ್ತು ವರ್ಷ ಸುತ್ತಿದ ಊರುಗಳನ್ನೆಲ್ಲ ಒಂದೊಂದಾಗಿ ದಾಟುತ್ತಿದ್ದಾನೆ ಎಂಬಂತೆ ಅವನ ಕಣ್ಣು ನೆಲದ ಮೇಲೆ ಮೆಲ್ಲಗೆ ಸರಿಯಿತು. ಹೊರಗಿನ ಹಜಾರದಲ್ಲಿ ಅಕ್ಕ ಮಾಮನಿಗೆ ಏನೋ ಜೋರು ಮಾಡುತ್ತಿದ್ದಳು. ಅವನು ತಲೆಯೆತ್ತಿ ಒಂದು ನಂಬರು ಹೇಳಿದ. ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡು, ನೋಡಿ, ಇನ್‌ಸ್ಪೆಕ್ಟರಿಗೆ ತೋರಿಸಿದ. ಅದು ಸಣ್ಣ ಹೋಟೆಲಿನ ನಂಬರು.

"ಸಂಬಂಧ?"

"ಅಕ್ಕ."

ಹೆಡ್ ಕಾನ್‌ಸ್ಟೇಬಲ್ ಒಮ್ಮೆ ಅವನ ನರೆತ ಕೂದಲನ್ನೂ ಒಮ್ಮೆ ಹಜಾರದ ಕಡೆಗೂ ನೋಡಿದ. ತಮಾಷೆ ಮಾಡಲಿಲ್ಲ. ಬರೆದುಕೊಂಡ.

ಕಡತದ ಕೊನೆಯಲ್ಲಿ ಪ್ರೇರಣೆ ಎಂಬ ಜಾಗದಲ್ಲಿ ಇನ್‌ಸ್ಪೆಕ್ಟರ್ ತಮ್ಮ ಕೈಬರಹದಲ್ಲೇ ಹೀಗೆ ಬರೆದರು: ಆರೋಪಿಯು ಸಾವಿರಾರು ಹೋಟೆಲುಗಳಲ್ಲಿ ಇಳಿದುಕೊಂಡಿದ್ದು, ತಾನು ಬರುವುದನ್ನು ಯಾರಾದರೂ ಎದುರು ನೋಡುತ್ತಿದ್ದದ್ದು ಇದೇ ಮೊದಲೆಂದು ತಿಳಿಸಿರುತ್ತಾನೆ. ಅವರು ಎದುರು ನೋಡುತ್ತಿದ್ದದ್ದು ಬೇರೊಬ್ಬನನ್ನು ಎಂಬುದು ಅವನಿಗೆ ತಿಳಿದಿತ್ತು.

ಹೇಳಿಕೆ ನಾಲ್ಕು ಪುಟ ಬಂತು. ತಬ್ಬಿಕೊಂಡದ್ದು, ತಟ್ಟೆ, ಏಪ್ರನ್, ಹನ್ನೆರಡನೇ ನಂಬರಿನ ಹಾಸಿಗೆ, ಮಾಮ ಬೈದದ್ದು, ಎಲ್ಲವನ್ನೂ ಅವನು ಬಿಡದೆ ಹೇಳಿದ. ತನಗೆ ಬೇರೆ ಯಾರೂ ಇಲ್ಲ ಎಂದು ಮಾತ್ರ ಅವನು ಹೇಳಲಿಲ್ಲ.